ಸ್ಕೇಲ್ ಮಾದರಿಗೆ ಸೂಕ್ಷ್ಮ ಜಾಲರಿ: ಸಾಣಿಗೆಯಿಂದ ಮಗ್ಗದ ಹಣಿಗೆಯವರೆಗೆ ಮನೆಯಲ್ಲೇ ಹುಡುಕುವ ಬಗೆ

ಜಮಖಂಡಿ, ಮುಧೋಳದ ಕಡೆ ಕಬ್ಬಿನ ಹಂಗಾಮು ಶುರುವಾದರೆ ರಸ್ತೆಯ ಮೇಲೆ ಟ್ರ್ಯಾಕ್ಟರ್ ಸಾಲು ಹಚ್ಚುತ್ತವೆ, ಮನೆಯೊಳಗೆ ಹುಡುಗರ ಕೈಯಲ್ಲಿ ಸಣ್ಣ ಟ್ರ್ಯಾಕ್ಟರ್ ತಯಾರಾಗುತ್ತವೆ. ಫೋಮ್ ಶೀಟು, ಪಿವಿಸಿ ಪೈಪು, ಐಸ್‌ಕ್ರೀಮ್ ಕಡ್ಡಿ ಸೇರಿಸಿ ಬಾನೆಟ್, ಗಾಲಿ, ಟ್ರೇಲರ್ ಎಲ್ಲವನ್ನೂ ಹೊಟ್ಟೆಕಿಚ್ಚು ಬರುವಷ್ಟು ಚಂದ ಮಾಡಿರುತ್ತಾರೆ. ಮುಂದಿನ ಗ್ರಿಲ್ ಹತ್ತಿರ ಬಂದ ಕೂಡಲೇ ಕಪ್ಪು ಸ್ಕೆಚ್ ಪೆನ್ನಿನ ನಾಲ್ಕು ಅಡ್ಡ ಗೆರೆ, ನಾಲ್ಕು ಉದ್ದ ಗೆರೆ. ಬೆಳಗಾವಿಯ ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ಮನೆ ಮಾದರಿಯಲ್ಲಿ ಕಿಟಕಿಯ ಸೊಳ್ಳೆ ಪರದೆಗೂ ಇದೇ ಗತಿ, ರೈಲು ಮಾದರಿ ಮಾಡುವವರ ಡೀಸೆಲ್ ಎಂಜಿನ್ನಿನ ರೇಡಿಯೇಟರ್ ಜಾಲರಿಗೂ ಇದೇ ಗತಿ.

ಇದಕ್ಕೆಂದೇ ಹಿತ್ತಾಳೆಯ ತೆಳು ಹಾಳೆಯಲ್ಲಿ ಕೊರೆದ ಜಾಲರಿಗಳು ಹೊರದೇಶದಿಂದ ಬರುತ್ತವೆ, ಬೆಲೆ ಕೇಳಿದರೆ ಇಡೀ ಮಾದರಿಯ ಖರ್ಚಿಗಿಂತ ಹೆಚ್ಚು. ನಮ್ಮ ಕೆಲಸಕ್ಕೆ ಅದು ಬೇಕಾಗಿಲ್ಲ. ಮನೆಯಲ್ಲಿ, ಗುಜರಿಯಲ್ಲಿ, ದರ್ಜಿ ಅಂಗಡಿಯ ಮೂಲೆಯಲ್ಲಿ ಬೇಕಾದ್ದು ಬಿದ್ದಿರುತ್ತದೆ. ಯಾವುದನ್ನು ಎತ್ತಿಕೊಳ್ಳಬೇಕು ಎಂಬುದರಲ್ಲೇ ಹೆಚ್ಚಿನವರು ಎಡವುವುದು. ಎಲ್ಲರೂ ರಂಧ್ರದ ಅಳತೆ ನೋಡುತ್ತಾರೆ. ನೋಡಬೇಕಾದ್ದು ಎಳೆಯ ದಪ್ಪವನ್ನು. ರಂಧ್ರ ಎರಡು ಪಟ್ಟು ದೊಡ್ಡದಾದರೂ ಕಣ್ಣು ಕ್ಷಮಿಸುತ್ತದೆ, ಎಳೆ ದಪ್ಪವಾದರೆ ಕ್ಷಮಿಸುವುದಿಲ್ಲ. ಯಾಕೆ ಎಂಬುದು ಕೆಳಗಿನ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಮೊದಲ ಹೆಜ್ಜೆ: ಲೆಕ್ಕ

ಜಾಲರಿಯ ಒಂದು ಎಳೆಯ ನಡುವಿನಿಂದ ಪಕ್ಕದ ಎಳೆಯ ನಡುವಿನವರೆಗಿನ ದೂರಕ್ಕೆ ಇಲ್ಲಿ ಅಂತರ ಎನ್ನೋಣ. ನಿಜವಾದ ವಸ್ತುವಿನ ಅಂತರವನ್ನು ಮಾದರಿಯ ಸ್ಕೇಲಿನಿಂದ (1:87 ಎಂದರೆ ಮಾದರಿ ನಿಜದ 87ರಲ್ಲಿ ಒಂದು ಪಾಲು, ಭಾಗಿಸುವುದು 87ರಿಂದ) ಭಾಗಿಸಿದರೆ ಮಾದರಿಗೆ ಬೇಕಾದ ಅಂತರ ಸಿಗುತ್ತದೆ. ಹೊಲದ ಸುತ್ತ ಹಾಕುವ ಚೈನ್‌ಲಿಂಕ್ ಬೇಲಿ 50 ಮಿ.ಮೀ. ಅಂತರದ್ದು ಎಂದುಕೊಳ್ಳಿ. ರೈಲು ಮಾದರಿಯವರ 1:87 ಸ್ಕೇಲಿನಲ್ಲಿ ಅದು 0.57 ಮಿ.ಮೀ. ಆಗುತ್ತದೆ, 1:35ರಲ್ಲಿ 1.4, 1:24ರಲ್ಲಿ 2.1.

ಇನ್ನು ಕೈಯಲ್ಲಿರುವ ಜಾಲರಿಯನ್ನು ಅಳೆಯಬೇಕು. ಅದನ್ನು ಬಿಳಿ ಹಾಳೆಯ ಮೇಲೆ ಹಾಸಿ, ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಟ್ಟು, ಮೊಬೈಲಿನಲ್ಲಿ ನೇರ ಮೇಲಿನಿಂದ ಫೋಟೊ ತೆಗೆಯಿರಿ. ದೊಡ್ಡದು ಮಾಡಿ 10 ಮಿ.ಮೀ.ಯಲ್ಲಿ ಎಷ್ಟು ರಂಧ್ರ ಇವೆ ಎಂದು ಎಣಿಸಿ. ಹತ್ತನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಅಂತರ ಬಂತು. ಅದೇ ಫೋಟೊದಲ್ಲಿ ಎಳೆ ಎಷ್ಟು ಜಾಗ ತಿಂದಿದೆ, ಬಯಲು ಎಷ್ಟಿದೆ ಎಂದೂ ನೋಡಿಕೊಳ್ಳಿ. ಅಂಗಡಿಯವರು ಹೇಳುವ ‘ಮೆಶ್’ ಸಂಖ್ಯೆ ಒಂದು ಇಂಚಿಗೆ ಇರುವ ರಂಧ್ರಗಳ ಲೆಕ್ಕ. 25.4ನ್ನು ಅದರಿಂದ ಭಾಗಿಸಿ, ಮಿ.ಮೀ. ಅಂತರ ಸಿಗುತ್ತದೆ.

ಈಗ ಎಳೆಯ ದಪ್ಪದ ಮಾತು. 40 ಮೆಶ್ಶಿನ ಸ್ಟೀಲ್ ಜಾಲರಿಯ ಅಂತರ 0.63 ಮಿ.ಮೀ. 1:87ರಲ್ಲಿ ಅದು ನಿಜದ 55 ಮಿ.ಮೀ.ಗೆ ಸಮ, ಬೇಲಿಗೆ ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ. ಆದರೆ ಅದರ ತಂತಿ 0.2 ಮಿ.ಮೀ. ಇದ್ದರೆ 1:87ರಲ್ಲಿ ಅದು 17 ಮಿ.ಮೀ. ದಪ್ಪದ ಸರಳು! ನಿಜವಾದ ಬೇಲಿಯ ತಂತಿ ಮೂರು ಮಿ.ಮೀ. ಆಸುಪಾಸು. ನಿಜವಾದ ಬೇಲಿಯಲ್ಲಿ ನೂರಕ್ಕೆ 88 ಭಾಗ ಬಯಲು, ಈ ಸ್ಟೀಲ್ ಜಾಲರಿಯಲ್ಲಿ 47 ಭಾಗ ಮಾತ್ರ. ಹಚ್ಚಿ ನೋಡಿದರೆ ಬೇಲಿಯಲ್ಲ, ಜೈಲಿನ ಗೋಡೆ. ಅದರ ಬದಲು ಮದುವೆ ಉಡುಪಿನ ಮೆತ್ತನೆಯ ನೆಟ್ ಬಟ್ಟೆ ತೆಗೆದುಕೊಳ್ಳಿ. ಅದರ ರಂಧ್ರ ಲೆಕ್ಕಕ್ಕಿಂತ ದೊಡ್ಡದು, ಆಕಾರವೂ ಚೌಕವಲ್ಲ. ಆದರೂ ಅದು ಬೇಲಿಯಂತೆಯೇ ಕಾಣುತ್ತದೆ, ಯಾಕೆಂದರೆ ಅದರ ಎಳೆ ಕೂದಲಿನಂತಿದ್ದು ಹಿಂದಿನ ದೃಶ್ಯವನ್ನು ಬಿಟ್ಟುಕೊಡುತ್ತದೆ. ದೂರದಿಂದ ಕಣ್ಣು ರಂಧ್ರ ಎಣಿಸುವುದಿಲ್ಲ, ನೆರಳು ಎಷ್ಟು ದಟ್ಟವಾಗಿದೆ ಎಂದಷ್ಟೇ ನೋಡುತ್ತದೆ.

ಬಯಲಿನ ಪಾಲು ತೆಗೆಯುವುದು ಕಷ್ಟವಲ್ಲ. ಅಂತರದಲ್ಲಿ ಎಳೆಯ ದಪ್ಪ ಕಳೆದು, ಉಳಿದದ್ದನ್ನು ಅಂತರದಿಂದ ಭಾಗಿಸಿ, ಬಂದ ಉತ್ತರವನ್ನು ಅದರಿಂದಲೇ ಗುಣಿಸಿ. ನಿಜದ್ದಕ್ಕೂ ನಿಮ್ಮ ಜಾಲರಿಗೂ ಈ ಸಂಖ್ಯೆ ಹತ್ತಿರವಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ರಂಧ್ರ ಕಾಣಲೇಬೇಕೇ?

ಆರೋಗ್ಯವಂತ ಕಣ್ಣು 30 ಸೆಂ.ಮೀ. ದೂರದಿಂದ ಸುಮಾರು 0.1 ಮಿ.ಮೀ.ವರೆಗಿನ ವಿವರ ಬಿಡಿಸಿ ನೋಡಬಲ್ಲದು. ಒಂದು ಮೀಟರ್ ದೂರದಿಂದಾದರೆ 0.3 ಮಿ.ಮೀ. ಶಾಲೆಯ ವಸ್ತು ಪ್ರದರ್ಶನದಲ್ಲಿ ಮೇಜಿನ ಮುಂದೆ ಹಗ್ಗ ಕಟ್ಟಿರುತ್ತಾರಲ್ಲ, ಅಲ್ಲಿ 0.3ಕ್ಕಿಂತ ಸಣ್ಣ ರಂಧ್ರಕ್ಕೆ ಹೆಣಗುವುದು ವ್ಯರ್ಥ.

ಕಿಟಕಿಯ ಸಾಮಾನ್ಯ ಸೊಳ್ಳೆ ಜಾಲರಿ ಇಂಚಿಗೆ 18 ಮತ್ತು 16 ರಂಧ್ರಗಳದ್ದು, ಅಂತರ 1.4ರಿಂದ 1.6 ಮಿ.ಮೀ. 1:50ರ ಮನೆ ಮಾದರಿಗೆ ಅದನ್ನು ಇಳಿಸಿದರೆ 0.03 ಮಿ.ಮೀ. ಅಷ್ಟು ಸೂಕ್ಷ್ಮ ಜಾಲರಿ ಮನೆಯಲ್ಲಿ ಸಿಗುವುದಿಲ್ಲ, ಸಿಕ್ಕರೂ ಯಾರ ಕಣ್ಣಿಗೂ ಕಾಣುವುದಿಲ್ಲ. ಇಲ್ಲಿ ಜಾಲರಿ ಹುಡುಕುವುದನ್ನು ಬಿಟ್ಟು ಮಬ್ಬನ್ನು ಹುಡುಕಬೇಕು. ಹರಿದ ನೈಲಾನ್ ಕಾಲುಚೀಲ, ತೆಳು ಆರ್ಗಂಜಾ ಚೂರು, ಬೂದು ಬಣ್ಣ ತೆಳ್ಳಗೆ ಊದಿದ ಪಾರದರ್ಶಕ ಹಾಳೆ, ಇವುಗಳಲ್ಲಿ ಯಾವುದಾದರೂ ಸಾಕು. ಹಗಲಿನಲ್ಲಿ ಹೊರಗೆ ನಿಂತು ನಿಮ್ಮ ಮನೆಯದೇ ಕಿಟಕಿ ನೋಡಿ: ಬಿಳಿ ಅಥವಾ ಬೂದು ಜಾಲರಿ ಇದ್ದರೆ ಕಿಟಕಿಗೆ ಹಾಲು ಬಣ್ಣದ ತೆರೆ ಬಂದಿರುತ್ತದೆ, ಕಪ್ಪು ಜಾಲರಿ ಇದ್ದರೆ ಒಳಗಿನ ಕತ್ತಲೆಯಲ್ಲಿ ಕರಗಿಹೋಗಿರುತ್ತದೆ. ಮಾದರಿಯಲ್ಲಿ ತೋರಿಸಬೇಕಾದ್ದು ಆ ತೆರೆಯನ್ನು.

ಹಾಗಾಗಿ ಇಳಿಸಿದ ಅಂತರ ಅರ್ಧ ಮಿ.ಮೀ.ಗಿಂತ ಹೆಚ್ಚಿದ್ದರೆ ಮನೆಯ ಜಾಲರಿ, ನೆಟ್ ಬಟ್ಟೆ. 0.1ರಿಂದ 0.5ರ ನಡುವೆ ಇದ್ದರೆ ಸ್ಕ್ರೀನ್ ಪ್ರಿಂಟಿಂಗ್ ಬಟ್ಟೆ, ಸೂಕ್ಷ್ಮ ಸೋಸಣಿಗೆ. ಅದಕ್ಕೂ ಕಡಿಮೆಯಾದರೆ ಮಬ್ಬು.

ಎಲ್ಲಿ ಹುಡುಕುವುದು

ಅಡುಗೆಮನೆಯಿಂದ ಶುರು ಮಾಡಿ, ಆದರೆ ಅವ್ವನ ಒಳ್ಳೆಯ ಸಾಣಿಗೆಗೆ ಕೈ ಹಚ್ಚಬೇಡಿ. ತಳ ಹರಿದ ಸಾಣಿಗೆ ಪ್ರತಿ ಮನೆಯಲ್ಲೂ ಅಟ್ಟದ ಮೇಲೆ ಒಂದಾದರೂ ಇರುತ್ತದೆ. ಜೋಳದ ಹಿಟ್ಟು ಸಾಣಿಸುವುದು ಒರಟು, ಮೈದಾ ಸಾಣಿಸುವುದು ನುಣುಪು. 1:16ರ ಟ್ರ್ಯಾಕ್ಟರಿಗೆ ಮೈದಾ ಸಾಣಿಗೆ ಬಹಳ ಒಪ್ಪುತ್ತದೆ: 40 ಮೆಶ್ಶಿನದಾದರೆ 1:16ರಲ್ಲಿ ನಿಜದ 10 ಮಿ.ಮೀ.ಗೆ ಸಮ. ಹೊಟ್ಟು, ರವದಿ ರೇಡಿಯೇಟರಿಗೆ ಸೇರದಂತೆ ಗ್ರಿಲ್ ಹಿಂದೆ ಇರುವ ಜಾಲರಿಯನ್ನು ಸ್ಕೇಲ್ ಹಿಡಿದು ಅಳೆಯಿರಿ, ಕಂಪನಿಯಿಂದ ಕಂಪನಿಗೆ ಅದು ಬೇರೆ. ಅಲ್ಲಿ ತಂತಿ ತುಸು ದಪ್ಪ ಕಂಡರೂ ನಡೆಯುತ್ತದೆ, ಹಿಂದೆ ಹೇಗೂ ಕತ್ತಲೆ. ಚಹಾ ಸೋಸುವ ಸ್ಟೀಲ್ ಸೋಸಣಿಗೆಯ ಜಾಲರಿ ಬಟ್ಟಲಿನಂತೆ ಉಬ್ಬಿರುವುದರಿಂದ ಚಪ್ಪಟೆ ಕೆಲಸಕ್ಕೆ ಕಿರಿಕಿರಿ. ಉಬ್ಬಿದ ಜಾಗಕ್ಕೆ, ಅಂದರೆ ಕಬ್ಬಿನ ಟ್ರ್ಯಾಕ್ಟರಿನವರು ಕಟ್ಟಿಕೊಂಡು ತಿರುಗುವ ದೊಡ್ಡ ಸ್ಪೀಕರಿನ ಮುಖಕ್ಕೆ, ಅದೇ ಅನುಕೂಲ. ನಳದ ಬಾಯಿಯಲ್ಲಿರುವ ಸಣ್ಣ ಗುಂಡು ಜಾಲರಿಯೂ ಸ್ಪೀಕರಿಗೆ, ಹೆಡ್‌ಲೈಟ್ ಗಾರ್ಡಿಗೆ ಒದಗುತ್ತದೆ.

ಬಟ್ಟೆಯ ಕಪಾಟಿನಲ್ಲಿ ನೆಟ್ ದುಪಟ್ಟಾ, ಆರ್ಗಂಜಾ ಅಂಚು, ಹಳೆಯ ಸೊಳ್ಳೆ ಪರದೆ ಇರುತ್ತವೆ. ಮಂಚಕ್ಕೆ ಕಟ್ಟುವ ಪರದೆ ಸಾಮಾನ್ಯವಾಗಿ ಚದರ ಇಂಚಿಗೆ 156 ರಂಧ್ರದ್ದು, ಅಂತರ ಎರಡು ಮಿ.ಮೀ. ಆಯಿತು. 1:24ರ ಕಾರು, ಟ್ರಕ್ಕಿನ ಮಾದರಿ ಮಾಡುವವರಿಗೆ ಅದು 50 ಮಿ.ಮೀ.ಯ ಬೇಲಿಯೇ. ರಂಧ್ರ ಆರು ಮೂಲೆಯದು ಎಂದು ತಕರಾರು ತೆಗೆಯುವವರಿಗೆ ಕಿಟಕಿಯ ಫೈಬರ್ ಜಾಲರಿ ಇದೆ. ಅದನ್ನು 45 ಡಿಗ್ರಿ ತಿರುಗಿಸಿ ಹಚ್ಚಿದರೆ 1:35ರಲ್ಲಿ ಚೈನ್‌ಲಿಂಕ್ ಬೇಲಿ ತಯಾರು. ಕಿಟಕಿಗೆ ಜಾಲರಿ ಹಾಕಲು ಬಂದವರು ಉಳಿದ ತುಂಡು ಬಿಸಾಡಿ ಹೋಗುತ್ತಾರೆ, ಕೇಳಿ ಇಟ್ಟುಕೊಳ್ಳಿ.

ಔಷಧ ಡಬ್ಬಿಯ ಗಾಜ್ ಬಟ್ಟೆಯನ್ನು ಅನೇಕರು ಸೂಚಿಸುತ್ತಾರೆ. ನನಗೆ ಅದು ಹಿಡಿಸಿಲ್ಲ. ಹತ್ತಿಯ ಎಳೆಗೆ ಜುಂಗು ಇರುತ್ತದೆ, ಬಣ್ಣ ಬಿದ್ದೊಡನೆ ಆ ಜುಂಗು ಎದ್ದು ನಿಲ್ಲುತ್ತದೆ. ಮಾದರಿಯ ಲಾರಿ ಮೇಲೆ ಹೊದಿಸುವ ತಾಡಪತ್ರಿಗೆ ಅದು ಚೆನ್ನ, ಜಾಲರಿಗಲ್ಲ. ತರಕಾರಿ ಚೀಲದ ಬಲೆಯೂ ಅಷ್ಟೇ, ಹೆಣಿಗೆ ಗಂಟು ಕಾಣುತ್ತದೆ.

ಗುಜರಿ ವಸ್ತುಗಳಲ್ಲಿ ಒಡೆದ ಇಯರ್‌ಫೋನಿನ ಬಾಯಿಯ ಜಾಲರಿ ಇದೆ, ಹಳೆಯ ಬೈಕಿನ ಪೆಟ್ರೋಲ್ ಕಾಕಿನ ಸೋಸಣಿಗೆ ಇದೆ, ಎಲೆಕ್ಟ್ರಿಕ್ ಶೇವರಿನ ಫಾಯಿಲ್ ಇದೆ. ಶೇವರ್ ಫಾಯಿಲ್ ನೇಯ್ದದ್ದಲ್ಲ, ತೆಳು ತಗಡಿನಲ್ಲಿ ರಂಧ್ರ ಕೊರೆದದ್ದು. ಹಾಗಾಗಿ ರಂಧ್ರ ಹೊಡೆದ ತಗಡಿನ ಸೈಲೆನ್ಸರ್ ಹೊದಿಕೆ, ಜನರೇಟರ್ ಬಾಗಿಲು ಇಂಥವಕ್ಕೆ ಅದರಷ್ಟು ಸರಿಯಾದ್ದು ಇನ್ನೊಂದಿಲ್ಲ. ಅಂಚು ಬ್ಲೇಡಿನಷ್ಟೇ ಹರಿತ, ಮಕ್ಕಳ ಕೈಗೆ ಕೊಡಬೇಡಿ. ಪೆಟ್ರೋಲ್ ಸೋಸಣಿಗೆಯನ್ನು ಸೋಪಿನ ನೀರಿನಲ್ಲಿ ತೊಳೆದು, ವಾಸನೆ ಹೋಗುವವರೆಗೆ ಹೊರಗೇ ಒಣಗಿಸಿ.

ಸ್ಕ್ರೀನ್ ಪ್ರಿಂಟಿಂಗ್ ಬಟ್ಟೆ

ಇದಕ್ಕೆ ಪ್ರತ್ಯೇಕ ಜಾಗ ಕೊಡಬೇಕು, ಸೂಕ್ಷ್ಮ ಕೆಲಸದಲ್ಲಿ ಇದನ್ನು ಮೀರಿಸುವುದು ಮನೆ ಮಟ್ಟದಲ್ಲಿ ಇಲ್ಲ. ಲಗ್ನಪತ್ರಿಕೆ, ಬಟ್ಟೆ ಚೀಲ ಮುದ್ರಿಸುವ ಅಂಗಡಿಯಲ್ಲಿ ಚೌಕಟ್ಟಿಗೆ ಬಿಗಿದ ಪಾಲಿಯೆಸ್ಟರ್ ಬಟ್ಟೆ ಹರಿದರೆ ಅವರಿಗೆ ಅದು ಕಸ. ಹಸ್ತದಷ್ಟು ತುಂಡು ಸಿಕ್ಕರೆ ವರ್ಷಗಟ್ಟಲೆ ಸಾಕು. ಇದರ ಸಂಖ್ಯೆ ಸೆಂಟಿಮೀಟರಿಗೆ ಎಷ್ಟು ಎಳೆ ಎಂಬುದು: 43ಟಿ ಎಂದರೆ ಸೆಂಟಿಮೀಟರಿಗೆ 43 ಎಳೆ, ಅಂತರ 0.23 ಮಿ.ಮೀ. 1:87ರಲ್ಲಿ ನಿಜದ 20 ಮಿ.ಮೀ. ಆಗುತ್ತದೆ, ಡೀಸೆಲ್ ಎಂಜಿನ್ನಿನ ಪಕ್ಕದ ಗಾಳಿ ಜಾಲರಿಗೆ, ಛಾವಣಿಯ ಫ್ಯಾನಿನ ಮೇಲಿನ ಜಾಲರಿಗೆ ಒಪ್ಪುವ ಅಳತೆ. 77ಟಿ ಅಂತರ 0.13, ಅದೇ ಸ್ಕೇಲಿನಲ್ಲಿ 11 ಮಿ.ಮೀ. 120ಟಿ ಅಂತರ 0.083. ಇದು 1:24ರಲ್ಲಿ ನಿಜದ 2 ಮಿ.ಮೀ. ಆಗುತ್ತದೆ, ಕಾರಿನ ಒಳಗಿನ ಸ್ಪೀಕರ್ ಬಟ್ಟೆಯಂಥದ್ದಕ್ಕೆ ಹಚ್ಚಬಹುದು.

ಬಳಸಿದ ಸ್ಕ್ರೀನಿನಲ್ಲಿ ಎಮಲ್ಷನ್ (ವಿನ್ಯಾಸ ಮೂಡಿಸಲು ಸವರುವ ಲೇಪ) ಹಿಡಿದು ರಂಧ್ರ ಮುಚ್ಚಿರುತ್ತದೆ. ಮುದ್ರಿಸದ ಅಂಚಿನ ಪಟ್ಟಿಯಲ್ಲಿ ಶುದ್ಧ ಬಟ್ಟೆ ಉಳಿದಿರುತ್ತದೆ, ಅದನ್ನೇ ಕೇಳಿ. ಹಳದಿ ಬಣ್ಣದ್ದು ಸಿಕ್ಕರೆ ಬೇಡ ಅನ್ನಬೇಡಿ, ಹೇಗೂ ಬಣ್ಣ ಹಾಕುವುದಿದೆ.

ಮಗ್ಗದ ಹಣಿಗೆ

ಇಳಕಲ್ಲ, ಗುಳೇದಗುಡ್ಡ, ಕಮತಗಿ, ರಬಕವಿ-ಬನಹಟ್ಟಿಯ ಓದುಗರಿಗೆ ಇರುವ ಅನುಕೂಲ ಬೇರೆಯವರಿಗಿಲ್ಲ. ಹಾಸಿನ ಎಳೆಗಳನ್ನು ಸಮನಾಗಿ ಹಿಡಿದು ಹೊಕ್ಕನ್ನು ಬಡಿಯುವ ಹಣಿಗೆ ತೆಳ್ಳನೆಯ ಸ್ಟೀಲ್ ಪಟ್ಟಿಗಳ ಸಾಲು. ತುಕ್ಕು ಹಿಡಿದು ಎಳೆ ಹರಿಯಲು ಶುರುವಾದರೆ ಅದನ್ನು ತೆಗೆದುಹಾಕುತ್ತಾರೆ. ಮಾದರಿ ಮಾಡುವವನಿಗೆ ಅದು ಸಿದ್ಧ ಶಟರ್: ರೇಡಿಯೇಟರ್ ಪಟ್ಟಿ, ಕೂಲರಿನ ಬಾಯಿ, ಗೋದಾಮಿನ ಗಾಳಿಕಿಂಡಿ. ಇಂಚಿಗೆ 40 ಹಲ್ಲಿನ ಹಣಿಗೆಯಾದರೆ ಅಂತರ 0.63 ಮಿ.ಮೀ., 1:16ರಲ್ಲಿ ನಿಜದ 10 ಮಿ.ಮೀ. ಪಟ್ಟಿಗಳನ್ನು ಹಿಡಿದಿರುವ ಮೇಲಿನ ಕೆಳಗಿನ ಕಟ್ಟು ಬಿಚ್ಚಿದರೆ ಎಲ್ಲ ಉದುರಿಹೋಗುತ್ತದೆ. ಆದ್ದರಿಂದ ಮೊದಲು ಬೇಕಾದಷ್ಟು ಅಗಲಕ್ಕೆ ಹಿಂಬದಿಯಲ್ಲಿ ಅರಾಲ್ಡೈಟಿನ ತೆಳು ಗೆರೆ ಎರಡು ಕಡೆ ಎಳೆದು, ಒಂದು ದಿನ ಬಿಟ್ಟು, ಆ ಗೆರೆಗಳ ಹೊರಗೆ ಕತ್ತರಿಸಿ.

ಜಾಲರಿ ಅಲ್ಲದ ಜಾಲಂಧ್ರ

ಐಹೊಳೆಯ ದುರ್ಗ ದೇವಾಲಯದ ಗೋಡೆಯಲ್ಲಿ ಶಿಲ್ಪದ ಗೂಡುಗಳ ನಡುವೆ ಇರುವ ಕಲ್ಲಿನ ಜಾಲಂಧ್ರ (ಜಾಲರಿಯಂತೆ ಕೊರೆದ ಕಿಟಕಿ), ಪಟ್ಟದಕಲ್ಲಿನ ವಿರೂಪಾಕ್ಷದ ಕಿಟಕಿಗಳು, ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಅರಬ್ಬಿ ಅಕ್ಷರಗಳನ್ನೇ ಕಲ್ಲಿನಲ್ಲಿ ಆರಪಾರ ಕೊರೆದ ಕಿಟಕಿಗಳು ನಮ್ಮ ಭಾಗದ ವಿದ್ಯಾರ್ಥಿಗಳು ಹೆಚ್ಚಾಗಿ ಮಾಡುವ ಮಾದರಿಗಳು. ಇವಕ್ಕೆ ಯಾವ ಸಾಣಿಗೆ ಬಟ್ಟೆಯನ್ನೂ ಹಚ್ಚಬೇಡಿ. ನೇಯ್ದ ಎಳೆ ಒಂದರ ಮೇಲೊಂದು ಹಾದು ಹೋಗುತ್ತದೆ, ಕಲ್ಲು ಒಂದೇ ಮಟ್ಟದಲ್ಲಿರುತ್ತದೆ, ದಪ್ಪವೂ ಇರುತ್ತದೆ. ಕಣ್ಣು ಇದನ್ನು ತಕ್ಷಣ ಹಿಡಿಯುತ್ತದೆ.

ಇಲ್ಲಿ ಒದಗುವುದು ಹಳೆಯ ಲಗ್ನಪತ್ರಿಕೆ. ಈಗಿನ ಪತ್ರಿಕೆಗಳಲ್ಲಿ ಲೇಸರಿನಿಂದ ಕೊರೆದ ಜಾಲಿಯ ಹೊದಿಕೆ ಇರುತ್ತದೆ, ಮನೆಯ ಗೋಣಿಚೀಲ ತುಂಬ ಅವೇ. ಒಂದೇ ಬಗೆಯ ಎರಡು ಮೂರು ಪತ್ರಿಕೆ ಸಿಕ್ಕರೆ ಒಂದರ ಮೇಲೊಂದು ಅಂಟಿಸಿದಾಗ ಕಲ್ಲಿನ ದಪ್ಪ ಬರುತ್ತದೆ. ದುರ್ಗ ದೇವಾಲಯದಲ್ಲಿ ಕಿಟಕಿಯಿಂದ ಕಿಟಕಿಗೆ ವಿನ್ಯಾಸ ಬೇರೆ ಬೇರೆ, ಹಾಗಾಗಿ ಬೇರೆ ಬೇರೆ ಪತ್ರಿಕೆಯ ಚೂರು ಬಳಸಿದರೆ ತಪ್ಪಲ್ಲ, ಒಳ್ಳೆಯದೇ. ಇಬ್ರಾಹಿಂ ರೋಜಾದ ಅಕ್ಷರಗಳನ್ನು 1:100ರಲ್ಲಿ ಕೊರೆಯಲು ಹೋಗಬೇಡಿ. ಫೋಟೊವನ್ನು ನೇರ ಮಾಡಿ, ಕಪ್ಪು ಬಿಳುಪಿಗೆ ತಂದು, ಓಎಚ್‌ಪಿ (ಪಾರದರ್ಶಕ ಪ್ಲಾಸ್ಟಿಕ್) ಹಾಳೆಯ ಮೇಲೆ ಲೇಸರ್ ಪ್ರಿಂಟರಿನಲ್ಲಿ ಮುದ್ರಿಸಿ, ಮೇಲೆ ಮ್ಯಾಟ್ ವಾರ್ನಿಷ್ ಊದಿ. ಹೊಳಪು ಹೋಗದಿದ್ದರೆ ಅದು ಗಾಜಿನ ಕಿಟಕಿ ಅನ್ನಿಸುತ್ತದೆ.

ಕತ್ತರಿಸುವುದು

ಬಟ್ಟೆಯ ಜಾಲರಿ ಕತ್ತರಿಯ ಬಾಯಿಗೆ ಸಿಕ್ಕೊಡನೆ ಓರೆಯಾಗುತ್ತದೆ, ಎಳೆ ಬಿಚ್ಚುತ್ತದೆ. ಅದಕ್ಕೆ ಮೊದಲು ಗಟ್ಟಿ ಮಾಡಬೇಕು. ದಪ್ಪ ಪಾಲಿಥಿನ್ ಹಾಳೆಯ ಮೇಲೆ ಬಟ್ಟೆ ಹಾಸಿ, ಎಳೆಗಳು ನೇರ ಬರುವಂತೆ ಅಂಚಿಗೆ ಟೇಪ್ ಹಚ್ಚಿ. ಒಂದು ಭಾಗ ಫೆವಿಕಾಲಿಗೆ ನಾಲ್ಕು ಭಾಗ ನೀರು ಬೆರೆಸಿ ಬ್ರಷ್ಷಿನಿಂದ ಸವರಿ. ತಕ್ಷಣ ಹತ್ತಿಯ ಬಟ್ಟೆಯಿಂದ ಒತ್ತಿ ತೆಗೆದು, ಬಾಯಿಯಿಂದ ಜೋರಾಗಿ ಊದಿ. ಊದದಿದ್ದರೆ ಪ್ರತಿ ರಂಧ್ರದಲ್ಲೂ ಅಂಟಿನ ಪೊರೆ ನಿಲ್ಲುತ್ತದೆ. ಒಣಗಿದ ಮೇಲೆ ಅದು ತೆಳು ಪ್ಲಾಸ್ಟಿಕ್ಕಿನಂತೆ ನಿಲ್ಲುತ್ತದೆ.

ಕತ್ತರಿಸುವ ಗೆರೆಯುದ್ದಕ್ಕೂ ಬಣ್ಣವಿಲ್ಲದ ನೇಲ್ ಪಾಲಿಶ್ ಎಳೆದು ಒಣಗಿಸಿ, ಹೊಸ ಬ್ಲೇಡಿನಿಂದ ಸ್ಟೀಲ್ ಸ್ಕೇಲ್ ಒತ್ತಿಹಿಡಿದು ಒಂದೇ ಎಳೆತದಲ್ಲಿ ಕೊಯ್ಯಿರಿ. ಹಿಂದೆ ಮುಂದೆ ಉಜ್ಜಬೇಡಿ.

ಲೋಹದ ಜಾಲರಿಗೆ ಎರಡೂ ಬದಿ ಮಾಸ್ಕಿಂಗ್ ಟೇಪ್ ಹಚ್ಚಿ, ಟೇಪಿನ ಮೇಲೆ ಆಕಾರ ಬರೆದು, ಹಳೆಯ ಕತ್ತರಿಯಿಂದ ಕತ್ತರಿಸಿ. ಟೇಪನ್ನು ಎಳೆಗೆ ಓರೆಯಾಗಿ ಅಲ್ಲ, ಎಳೆಯ ಉದ್ದಕ್ಕೆ ಎಳೆದು ಬಿಡಿಸಿ. ಉಬ್ಬು ತಗ್ಗು ಇದ್ದರೆ ಲಟ್ಟಣಿಗೆಯಿಂದ ಉರುಳಿಸಿ. ಚೌಕಟ್ಟಿಗಿಂತ ಒಂದು ಎಳೆ ಹೆಚ್ಚೇ ಇರಲಿ, ಕಡಿಮೆ ಬೇಡ. ಜಾಲರಿಯ ಎಳೆ ಚೌಕಟ್ಟಿನ ಅಂಚಿಗೆ ಸಮಾನಾಂತರ ಇದೆಯೋ ಇಲ್ಲವೋ ಎಂದು ಎರಡು ಸಲ ನೋಡಿ. ಅರ್ಧ ಎಳೆ ಓರೆಯಾದರೂ ಇಡೀ ಗ್ರಿಲ್ ಸೊಟ್ಟಗೆ ಕಾಣುತ್ತದೆ.

ಬಣ್ಣ ಮತ್ತು ಹಿಂದಿನ ಕತ್ತಲೆ

ಮೊದಲು ಜಾಲರಿಯ ಹಿಂದಿನ ಗೂಡಿಗೆ ಮ್ಯಾಟ್ ಕಪ್ಪು ಹಚ್ಚಿ. ಹಿಂದೆ ಬಿಳಿ ಫೋಮ್ ಕಾಣುತ್ತಿದ್ದರೆ ಎಂಥ ಜಾಲರಿ ಹಚ್ಚಿದರೂ ಪ್ರಯೋಜನವಿಲ್ಲ. ಗೂಡು ಕನಿಷ್ಠ ಎರಡು ಮೂರು ಮಿ.ಮೀ. ಆಳವಿರಲಿ, ಜಾಲರಿ ಕಪ್ಪು ತಳಕ್ಕೆ ತಾಗಿದರೆ ಅದು ಮುದ್ರಿಸಿದ ಚಿತ್ರದಂತೆ ಕಾಣುತ್ತದೆ.

ಜಾಲರಿಗೆ ಅಂಟಿಸುವ ಮೊದಲೇ ಬಣ್ಣ ಹಾಕಬೇಕು. ಬ್ರಷ್ ಬೇಡ. ಸ್ಪ್ರೇ ಡಬ್ಬಿಯನ್ನು 30 ಸೆಂ.ಮೀ. ದೂರ ಹಿಡಿದು, ಓರೆಯಾಗಿ, ಎರಡು ತೆಳು ಪದರ ಸಾಕು. ಅದನ್ನು ಹೊರಗಡೆ ಮಾಡಿ. ಸ್ಪ್ರೇಯ ದ್ರಾವಕ ಥರ್ಮೋಕೋಲನ್ನು ತಿನ್ನುತ್ತದೆ, ಮಾದರಿಯ ಹತ್ತಿರ ಊದಬೇಡಿ. ಪ್ರತಿ ಪದರಕ್ಕೂ ಎಳೆ ದಪ್ಪವಾಗುತ್ತದೆ, ಬಯಲು ಕಡಿಮೆಯಾಗುತ್ತದೆ ಎಂಬುದು ನೆನಪಿರಲಿ. ಹಾಗಾಗಿ ಆರಿಸುವಾಗಲೇ ಲೆಕ್ಕಕ್ಕಿಂತ ತುಸು ಬಯಲಾದ ಜಾಲರಿ ತೆಗೆದುಕೊಳ್ಳುವುದು ಜಾಣತನ.

ಪಾಲಿಯೆಸ್ಟರ್, ನೈಲಾನ್ ಬಟ್ಟೆಗೆ ಕಪ್ಪು ಬೇಕಿದ್ದರೆ ಸ್ಪ್ರೇಯ ಗೋಜೇ ಬೇಡ, ಪರ್ಮನೆಂಟ್ ಮಾರ್ಕರ್ ಸಾಕು. ಎರಡೂ ಬದಿ ಎಳೆಯಿರಿ, ಎಳೆಗೆ ಬಣ್ಣ ಹಿಡಿಯುತ್ತದೆ, ರಂಧ್ರ ಮುಚ್ಚುವುದಿಲ್ಲ. ನನ್ನ ಪ್ರಕಾರ ಸ್ಕ್ರೀನ್ ಬಟ್ಟೆಗೆ ಇದಕ್ಕಿಂತ ಸುಲಭ ಉಪಾಯವಿಲ್ಲ. ಕಪ್ಪಿನ ಮೇಲೆ ಬೂದು ಅಥವಾ ಕೆಮ್ಮಣ್ಣಿನ ಬಣ್ಣವನ್ನು ಬಹುತೇಕ ಒಣಗಿದ ಬ್ರಷ್ಷಿನಿಂದ ಮೇಲುಮೇಲೆ ಸವರಿದರೆ ಹೊಲದ ಧೂಳು ಕುಳಿತ ಟ್ರ್ಯಾಕ್ಟರ್ ಗ್ರಿಲ್ ಆಗುತ್ತದೆ. ಧೂಳು ಗ್ರಿಲ್ಲಿನ ಕೆಳಗಿನ ಅರ್ಧದಲ್ಲಿ ಹೆಚ್ಚಿರಲಿ.

ಅಂಟಿಸುವುದು

ಸೂಪರ್ ಗ್ಲೂ ಇಲ್ಲಿ ಶತ್ರು. ಅದು ನೀರಿನಂತೆ ತೆಳು, ಎಳೆಯಿಂದ ಎಳೆಗೆ ಹರಿದು ರಂಧ್ರ ತುಂಬುತ್ತದೆ, ಅದರ ಆವಿ ಕಪ್ಪು ಬಣ್ಣದ ಮೇಲೆ ಬಿಳಿ ಬೂದಿಯಂತೆ ಕೂರುತ್ತದೆ. ಚೌಕಟ್ಟಿನ ಹಿಂಬದಿಗೆ ಫೆವಿಕಾಲನ್ನು ಕಡ್ಡಿಯಿಂದ ಸವರಿ, ಮುಟ್ಟಿದರೆ ಅಂಟುವ ಹದಕ್ಕೆ ಬರುವವರೆಗೆ ಕಾದು, ಆಮೇಲೆ ಜಾಲರಿ ಒತ್ತಿ. ಹಸಿಯಾಗಿದ್ದಾಗ ಒತ್ತಿದರೆ ಅಂಟು ರಂಧ್ರಗಳಿಗೆ ಏರುತ್ತದೆ. ಲೋಹದ ಜಾಲರಿ ಪ್ಲಾಸ್ಟಿಕ್ ಚೌಕಟ್ಟಿಗೆ ಫೆವಿಕಾಲಿನಲ್ಲಿ ನಿಲ್ಲುವುದಿಲ್ಲ, ಅದಕ್ಕೆ ಮೂಲೆಗಳಲ್ಲಿ ಅರಾಲ್ಡೈಟಿನ ಚುಕ್ಕಿ ಇಡಿ.

ಬೇಲಿಗೆ ಚೌಕಟ್ಟು ಇಲ್ಲ, ಕಂಬಗಳು ಮಾತ್ರ. ಕೊನೆಯ ಎರಡು ಕಂಬಗಳಿಗೆ ಜಾಲರಿ ಬಿಗಿದು ಅಂಟಿಸಿ, ಒಣಗಿದ ಮೇಲೆ ನಡುವಿನ ಕಂಬಗಳನ್ನು ಒಳಬದಿಯಿಂದ ತಾಗಿಸಿ. ಎಲ್ಲೆಲ್ಲೂ ಬಿಗಿಯಾಗಿದ್ದರೆ ಅದು ನಮ್ಮ ಕಡೆಯ ಬೇಲಿ ಅನ್ನಿಸುವುದಿಲ್ಲ. ಆಡು ನುಗ್ಗಿ ಒಂದು ಕಡೆ ತಗ್ಗಿಸಿರಬೇಕು, ಪೆನ್ಸಿಲ್ ತುದಿಯಿಂದ ಒತ್ತಿದರೆ ಆಯಿತು.

ಎರಡು ಪದರ ಜಾಲರಿ ಹಚ್ಚುವ ಪ್ರಸಂಗ ಬಂದರೆ, ಉದಾಹರಣೆಗೆ ಗ್ರಿಲ್ ಹಿಂದೆ ರೇಡಿಯೇಟರ್ ತೋರಿಸಲು, ಎರಡಕ್ಕೂ ಒಂದೇ ಬಟ್ಟೆ ಬಳಸಬೇಡಿ. ಎಳೆಗಳು ಒಂದರ ಮೇಲೊಂದು ಬಿದ್ದು ನೀರಿನ ಅಲೆಯಂಥ ಪಟ್ಟೆಗಳು ಮೂಡುತ್ತವೆ, ಫೋಟೊದಲ್ಲಿ ಇನ್ನೂ ಹೆಚ್ಚು ಕಾಣುತ್ತವೆ. ಹಿಂದಿನದಕ್ಕೆ ಹಣಿಗೆಯ ಪಟ್ಟಿ ಅಥವಾ ಗೆರೆ ಇರುವ ರಟ್ಟು ಇಟ್ಟರೆ ಈ ತೊಂದರೆ ಬರುವುದಿಲ್ಲ.

ಮಾದರಿ ಶೋಕೇಸಿನ ಹೊರಗೆ ಇರುವುದಾದರೆ ಜಾಲರಿಯಲ್ಲಿ ನಿಜವಾದ ಧೂಳು ಸೇರುತ್ತದೆ. ಬಟ್ಟೆಯಿಂದ ಒರೆಸಬೇಡಿ, ಎಳೆ ಕಿತ್ತು ಬರುತ್ತದೆ. ಮೆತ್ತನೆಯ ಒಣ ಬ್ರಷ್ ಅಥವಾ ಕ್ಯಾಮೆರಾ ಲೆನ್ಸಿಗೆ ಬಳಸುವ ರಬ್ಬರ್ ಬ್ಲೋಯರ್ ಸಾಕು.